ನೀರು ತುಂಬಿದ ಬಲ್ಬು, ತಲೆಕೆಳಗಾದ ರೀಲು

ಗೆಳೆಯಾ,

ನಿಮ್ಮನೆ ಅಟ್ಟದ ಮೇಲೆ ನಾವು ಸಿನಿಮಾ ಬಿಡುತ್ತಿದ್ದದ್ದು ನೆನಪಿದೆಯಾ? ಸುಟ್ಟುಹೋದ ಬಲ್ಬಿನ ಕತ್ತು ಬಿಡಿಸಿ, ಒಳಗಿನ ತಂತಿ ಕಿತ್ತು, ನೀರು ತುಂಬುತ್ತಿದ್ದೆವು. ನೀನು ಅಂಗಳದಲ್ಲಿ ಕನ್ನಡಿ ಹಿಡಿದು ಕಿಟಕಿಯೊಳಕ್ಕೆ ಬಿಸಿಲು ಹಾಯಿಸುತ್ತಿದ್ದೆ. ನಾನು ಟೆಂಟಿನ ಹಿಂದೆ ಹೆಕ್ಕಿದ ರೀಲಿನ ತುಂಡನ್ನು ಬಲ್ಬಿನ ಹಿಂದೆ, ಎರಡು ಬೆರಳಿನಷ್ಟು ದೂರದಲ್ಲಿ ತಲೆಕೆಳಗಾಗಿ ಹಿಡಿಯುತ್ತಿದ್ದೆ. ನೆಟ್ಟಗೆ ಹಿಡಿದರೆ ಗೋಡೆ ಮೇಲೆ ಅಣ್ಣಾವ್ರು ಕಾಲು ಮೇಲೆ ಮಾಡಿ ನಿಲ್ಲುತ್ತಿದ್ದರು.

ಆರು ತಿಂಗಳಿಂದ ಮ್ಯಾಜಿಕ್ ಲ್ಯಾಂಟರ್ನ್ ಚರಿತ್ರೆಯ ಹಿಂದೆ ಬಿದ್ದಿದ್ದೇನೆ. ಒಂದು ದೀಪ, ಗಾಜಿನ ಮೇಲೆ ಬರೆದ ಚಿತ್ರ, ಮಸೂರ, ಗೋಡೆ. ಸಿನಿಮಾ ಬರುವುದಕ್ಕೆ ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಇದನ್ನು ಕಂಡುಹಿಡಿದವನು ಅಥನಾಸಿಯಸ್ ಕಿರ್ಚರ್ ಎಂಬ ಜೆಸ್ವಿಟ್ ಪಾದ್ರಿ ಎಂದು ಬಹುಕಾಲ ಹೇಳುತ್ತಾ ಬಂದರು. ಅವನ ಪುಸ್ತಕದ 1671ರ ಮುದ್ರಣದಲ್ಲಿ ಇದರ ಚಿತ್ರವಿದೆ. ಕತ್ತಲ ಕೋಣೆ, ಗೋಡೆಯ ಮೇಲೆ ಬೆಂಕಿಯಲ್ಲಿ ಬೇಯುವ ಆತ್ಮ. ನೋಡುತ್ತಾ ಕೂತವನಿಗೆ ಥಟ್ಟನೆ ನಮ್ಮ ಅಟ್ಟ ನೆನಪಾಯಿತು. ಗಾಜಿನ ಪಟ್ಟಿ ಮಸೂರದ ಮುಂದಿದೆ! ದೀಪಕ್ಕೂ ಮಸೂರಕ್ಕೂ ನಡುವೆ ಇರಬೇಕಲ್ವಾ? ಸಾಲದ್ದಕ್ಕೆ ಪಟ್ಟಿಯಲ್ಲೂ ಗೋಡೆಯಲ್ಲೂ ಚಿತ್ರ ನೆಟ್ಟಗೇ ಇದೆ. ಹಾಗೆ ಇಟ್ಟರೆ ಗೋಡೆ ಮೇಲೆ ಏನೂ ಮೂಡುವುದಿಲ್ಲ. ಅದೇ ಪುಸ್ತಕದ 1646ರ ಮೊದಲ ಮುದ್ರಣದಲ್ಲಂತೂ ಈ ಲಾಟೀನಿನ ಸುದ್ದಿಯೇ ಇಲ್ಲ.

ನಿಜವಾದ ಜಾಡು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಹತ್ತಿರ ಹೋಗುತ್ತದೆ. ಶನಿಯ ಸುತ್ತ ಇರುವುದು ಉಂಗುರ ಎಂದು ಬಿಡಿಸಿ ಹೇಳಿದವನು. ಅದನ್ನು ಹೇಳಿದ ಅವನ ಪುಸ್ತಕ ಬಂದ 1659ರಲ್ಲೇ ಅವನು ಒಂದು ಹಾಳೆಯ ಮೇಲೆ ಪುಟ್ಟ ಪುಟ್ಟ ಅಸ್ಥಿಪಂಜರಗಳನ್ನು ಗೀಚಿದ್ದಾನೆ. ಒಂದು ತನ್ನ ಬುರುಡೆಯನ್ನೇ ಕಳಚಿ ಕೈಯಲ್ಲಿ ಹಿಡಿದಿದೆ. ಇನ್ನೊಂದರ ತೋಳು ಆಡುವ ದಾರಿಯನ್ನು ಚುಕ್ಕಿ ಗೆರೆಯಲ್ಲಿ ತೋರಿಸಿದ್ದಾನೆ. ಮೇಲೆ ಲಾಟೀನಿಗಾಗಿ ಎಂದು ಫ್ರೆಂಚಿನಲ್ಲಿ ಬರೆದಿದ್ದಾನೆ. ಚಿತ್ರ ಅಲುಗಬೇಕು ಅನ್ನುವ ಆಸೆ ಆಗಲೇ ಇತ್ತು ಕಣೋ! ಆ ಚುಕ್ಕಿ ಗೆರೆ ನೋಡುತ್ತಾ ನಾನು ಎಷ್ಟು ಹೊತ್ತು ಕೂತಿದ್ದೆನೋ.

ಮುಂದಿನದು ಓದಿ ಮನಸ್ಸಿಗೆ ಬೇಜಾರಾಯಿತು. 1662ರಲ್ಲಿ ಅವನಪ್ಪ, ಪ್ಯಾರಿಸ್ಸಿನ ಅರಮನೆಯಲ್ಲಿ ತೋರಿಸಲು ಒಂದು ಲಾಟೀನು ಕಳಿಸು ಎಂದ. ಅಪ್ಪನ ಮಾತು ಮೀರುವ ಹಾಗಿಲ್ಲ. ಇಂಥ ಆಟಿಕೆ ತನ್ನದೆಂದು ಗೊತ್ತಾದರೆ ಹೈಗೆನ್ಸನಿಗೆ ನಾಚಿಕೆ. ಅದಕ್ಕೇ ಅಲ್ಲಿದ್ದ ತಮ್ಮನಿಗೆ ಗುಟ್ಟಾಗಿ ಕಾಗದ ಬರೆದ: ಮೂರು ಮಸೂರಗಳಲ್ಲಿ ಒಂದನ್ನು ತೆಗೆದುಬಿಡು, ಕೆಲಸ ಮಾಡದಿರಲಿ. ಅಷ್ಟು ಪ್ರೀತಿಯಿಂದ ಗೀಚಿದ ಕೈಯೇ ಇದನ್ನೂ ಬರೆಯಿತಲ್ಲ.

ಅವನ ಅಸ್ಥಿಪಂಜರವನ್ನು ನಾನೇ ಗಾಜಿನ ಮೇಲೆ ಬರೆದಿದ್ದೇನೆ. ಒಂದು ಗಾಜಿನಲ್ಲಿ ಮೈ, ಇನ್ನೊಂದರಲ್ಲಿ ತೋಳು ಮತ್ತು ಬುರುಡೆ. ಎರಡನೆಯದನ್ನು ಮೆಲ್ಲಗೆ ಸರಿಸಿದರೆ ತಲೆ ಕಳಚಿಕೊಳ್ಳುತ್ತದೆ. ಹಳೇ ಬಲ್ಬೂ ಸಿಕ್ಕಿದೆ. ದೀಪಾವಳಿಗೆ ಊರಿಗೆ ಬಂದಾಗ ಒಂದು ಮಧ್ಯಾಹ್ನ ಬಿಡುವು ಮಾಡಿಕೋ. ಕನ್ನಡಿ ಹಿಡಿಯಲು ನೀನೇ ಬೇಕು.

ನಿನ್ನ ಗೆಳೆಯ