ಮಲಗಿದ್ದರೆ ಬಸಿರು ನಿಲ್ಲುತ್ತದೆಯಾ?

ಶಿಡ್ಲಘಟ್ಟ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ಏಳನೇ ವಾರದಲ್ಲಿ ಸ್ವಲ್ಪ ರಕ್ತ ಕಾಣಿಸಿತೆಂದು ನಿಮ್ಮತ್ತೆ ನಿನ್ನನ್ನು ಹಾಸಿಗೆಯಿಂದ ಏಳಲೇ ಬಿಡುತ್ತಿಲ್ಲವಂತೆ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಎದೆಬಡಿತ ಚೆನ್ನಾಗಿದೆ, ಮಾಮೂಲಿಯಾಗಿ ಇರಬಹುದು ಅಂತ ಡಾಕ್ಟರೇ ಹೇಳಿದ್ದಾರಲ್ವಾ? ಮತ್ತೆ ಯಾಕೆ ಮಲಗಿದ್ದೀಯ? ಎದ್ದು ಓಡಾಡು ಮಗಳೇ.

ನಿನಗೆ ಗೊತ್ತಿಲ್ಲ, ನಿಮ್ಮಣ್ಣ ಹುಟ್ಟುವ ಮುಂಚೆ ನನಗೊಂದು ಬಸಿರು ಹೋಗಿತ್ತು. ಆಗ ನನ್ನನ್ನೂ ಒಂದು ತಿಂಗಳು ಮಲಗಿಸಿದ್ದರು. ಅಷ್ಟರಲ್ಲಿ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾದವು. ಅವು ಗೂಡು ಕಟ್ಟುವ ಬಿದಿರಿನ ತಟ್ಟಿ, ಅದೇ ಚಂದ್ರಿಕೆಗೆ ಬಿಡಲು ಆಳು ಸಾಲಲಿಲ್ಲ. ನಾನೂ ಎದ್ದು ಹೋಗಿ ಅರ್ಧ ದಿನ ಹುಳು ಆರಿಸಿದೆ. ಮೂರನೇ ದಿನ ಎಲ್ಲ ಮುಗಿದುಹೋಯಿತು. "ಮಲಗಿದ್ದರೆ ಉಳಿಯುತ್ತಿತ್ತು" ಅಂದರು. ಇಪ್ಪತ್ತು ವರ್ಷ ಅದನ್ನೇ ನಂಬಿದ್ದೆ. ಪ್ರತಿ ಬೆಳೆಯಲ್ಲೂ ಹುಳು ಹಣ್ಣಾಗುವ ಹೊತ್ತಿಗೆ ನನಗೆ ಹೊಟ್ಟೆ ಕಿವುಚಿದಂತಾಗುತ್ತಿತ್ತು.

ನಿಮ್ಮಕ್ಕ ನರ್ಸಿಂಗ್ ಓದುವಾಗ ಬಿಡಿಸಿ ಹೇಳಿದಳು. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್, ಅಂದರೆ ಅಪ್ಪ ಅಮ್ಮನ ಗುಣ ಹೊತ್ತು ತರುವ ಎಳೆಗಳು, ಸರಿಯಾಗಿ ಕೂಡಿಕೊಳ್ಳದೇ ಇರುವುದೇ ಕಾರಣ. ಅದು ಶುರುವಿನಲ್ಲೇ ಆಗಿಹೋಗಿರುತ್ತದೆ. ತಾಯಿ ಮಲಗಿದರೂ ಅಷ್ಟೇ, ನಡೆದರೂ ಅಷ್ಟೇ. ಬೆಡ್ ರೆಸ್ಟ್‌ನಿಂದ ಗರ್ಭಪಾತ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂತ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2005ರಲ್ಲೇ ಬರೆದಿದ್ದಾರಂತೆ. ಅದನ್ನು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಸುಮ್ನೆ ಮಲಗಿದ್ದರೆ ನಷ್ಟವೇನು ಅಂತ ನಿಮ್ಮತ್ತೆ ಕೇಳಬಹುದು. ನಷ್ಟವಿದೆ. ಬಸಿರಲ್ಲಿ ರಕ್ತ ಹೆಪ್ಪುಗಟ್ಟುವುದು ಮೊದಲೇ ಜಾಸ್ತಿ. ದಿನವಿಡೀ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಇನ್ನೂ ಹೆಚ್ಚು. ಕೈಕಾಲಿನ ಶಕ್ತಿಯೂ ಇಳಿಯುತ್ತದೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ, ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಮುಂದಿನ ಸಲ ಡಾಕ್ಟರ್ ಹತ್ತಿರ ಅವರನ್ನೂ ಕರೆದುಕೊಂಡು ಹೋಗು. ನಿನ್ನ ಮಾತಿಗಿಂತ ಡಾಕ್ಟರ್ ಮಾತಿಗೆ ತೂಕ ಜಾಸ್ತಿ.

ಸುಸ್ತಾದಾಗ ಮಲಗು, ಅದು ಬೇರೆ. ಫೋಲಿಕ್ ಆ್ಯಸಿಡ್ ಮಾತ್ರೆ ತಪ್ಪಿಸಬೇಡ. ಆದರೆ ರಕ್ತ ಜಾಸ್ತಿ ಹೋದರೆ, ಹೊಟ್ಟೆಯ ಒಂದೇ ಕಡೆ ಜೋರಾಗಿ ನೋವು ಬಂದರೆ, ತಲೆ ಸುತ್ತಿ ಬಂದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗು.

ಹೇಳಬಾರದು, ಆದರೂ ಹೇಳುತ್ತೇನೆ. ಏನಾದರೂ ಹೆಚ್ಚುಕಡಿಮೆ ಆದರೆ, ನೀನು ಎದ್ದು ಓಡಾಡಿದ್ದಕ್ಕೆ ಆಯಿತು ಅಂತ ಯಾರು ಅಂದರೂ ಕಿವಿಗೆ ಹಾಕಿಕೊಳ್ಳಬೇಡ. ನನ್ನ ಹಾಗೆ ಇಪ್ಪತ್ತು ವರ್ಷ ಹೊರಬೇಡ.

ಭಾನುವಾರ ಬರುತ್ತೇನೆ. ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಗುಡಿವರೆಗೆ ನಡೆದು ಬರೋಣ.

ನಿನ್ನ ದೊಡ್ಡಮ್ಮ