ಭಂಡಾರದರಾಕ್ಕೆ ಬಾ, ಆದರೆ ಶನಿವಾರ ಬೇಡ

ಪುಣೆ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿ ಖುಷಿಯಾಯಿತು. ಮಕ್ಕಳ ಶಾಲೆ ಶುರುವಾಗುವುದರೊಳಗೆ ಸಹ್ಯಾದ್ರಿ ಗುಡ್ಡಗಳ ನಡುವಿನ ಭಂಡಾರದರಾದ ಕೆರೆ ದಂಡೆಯಲ್ಲಿ ಟೆಂಟ್ ಹಾಕಿ ಮಿಣುಕುಹುಳ ನೋಡಬೇಕು, ಡೊಂಬಿವಲಿಯಿಂದ ನಾಲ್ಕು ಮನೆಯವರು ಸೇರಿ ಹೊರಡುತ್ತೇವೆ, ಡಿಜೆ, ಬಾರ್ಬೆಕ್ಯೂ ಎಲ್ಲ ಇರುವ ಶನಿವಾರದ ಪ್ಯಾಕೇಜ್ ಸಿಕ್ಕಿದೆ, ನೀನೂ ಪುಣೆಯಿಂದ ಬಂದು ಸೇರಿಕೋ ಅಂತ ಬರೆದಿದ್ದೀಯ. ಬರುತ್ತೇನೆ. ಆದರೆ ಆ ಶನಿವಾರ ಬೇಡ, ಆ ಪ್ಯಾಕೇಜೂ ಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ಮಾತು ಬೇರೆ ಕಡೆ ಹೋಗುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಈ ಸೀಸನ್ನಿಗೆ ಅಲ್ಲಿಗೆ ಹೊರಡುವ ನಮ್ಮ ಕನ್ನಡದ ಮಂದಿ ಮುಂಬಯಿ, ಪುಣೆ ಎರಡೂ ಕಡೆ ಬಹಳ ಇದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಹುಳದ ವಿಷಯ. ಕತ್ತಲಲ್ಲಿ ಹಾರುತ್ತ ಮಿನುಗುವವು ಹೆಚ್ಚಾಗಿ ಗಂಡುಗಳು. ಹೆಣ್ಣು ಹುಲ್ಲಿನ ದಂಟಿಗೋ ಎಲೆಯ ಅಂಚಿಗೋ ಅಂಟಿಕೊಂಡು ಕೂತಿರುತ್ತದೆ. ತನ್ನ ಜಾತಿಯ ಗಂಡು ಯಾವುದು ಎಂದು ಮಿನುಗಿನ ಲಯದಿಂದಲೇ ಗುರುತು ಹಿಡಿದು, ತಾನೂ ಮಿನುಗಿ ಉತ್ತರ ಕೊಡುತ್ತದೆ. ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರಿದಾಗ ಹೊಮ್ಮುವ ಬೆಳಕು ಅದು, ಬಿಸಿ ಇಲ್ಲವೇ ಇಲ್ಲ ಅನ್ನಬಹುದಾದ ಬೆಳಕು. ಇಡೀ ಸಂಭಾಷಣೆ ನಡೆಯುವುದು ಅಷ್ಟು ತೆಳು ಬೆಳಕಿನಲ್ಲಿ. ಪಕ್ಕದಲ್ಲಿ ಹ್ಯಾಲೊಜನ್ ದೀಪ ಉರಿದರೆ ಹೆಣ್ಣಿಗೆ ಗಂಡು ಕಾಣುವುದಿಲ್ಲ, ಗಂಡಿಗೆ ಹೆಣ್ಣಿನ ಉತ್ತರ ಕಾಣುವುದಿಲ್ಲ.

ಕಾದು ನಾಳೆ ನೋಡಿಕೊಳ್ಳೋಣ ಅನ್ನಲು ಅವಕ್ಕೆ ಪುರುಸೊತ್ತಿಲ್ಲ. ಮೊಟ್ಟೆಯೊಡೆದ ಮರಿ ತರಗೆಲೆಯ ಕೆಳಗೆ, ತೇವದ ಮಣ್ಣಿನಲ್ಲಿ ಬಸವನಹುಳು, ಎರೆಹುಳು ತಿಂದುಕೊಂಡು ತಿಂಗಳುಗಟ್ಟಲೆ ಇರುತ್ತದೆ. ಕೆಲವು ಜಾತಿಗಳಲ್ಲಿ ಆ ಬದುಕು ವರ್ಷಕ್ಕೂ ಮೀರುತ್ತದೆ. ರೆಕ್ಕೆ ಬಂದ ಮೇಲೆ ಉಳಿಯುವ ಆಯುಷ್ಯ ಕೆಲವೇ ವಾರ. ಆ ಕೆಲವು ವಾರಗಳು ಸರಿಯಾಗಿ ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ಶುರುವಾಗಿ ಮಿರಗದ, ಅಂದರೆ ಮೃಗಶಿರದ ಮಳೆ ಜೋರಾಗುವವರೆಗೆ ನಡೆಯುತ್ತವೆ. ನಮ್ಮ ಕಡೆ ಬಿತ್ತನೆಗೆ ಹೊಲ ಹಸನು ಮಾಡುವ ಕಾಲವೇ ಅಲ್ಲವೇ ಅದು. ಮುಂಬಯಿ, ಪುಣೆ, ನಾಶಿಕದಿಂದ ಸಾವಿರಾರು ಕಾರುಗಳು ಆ ಕಿರಿದಾದ ಕೆರೆ ಸುತ್ತಿನ ರಸ್ತೆಗೆ ನುಗ್ಗುವುದೂ ಅದೇ ವಾರಗಳಲ್ಲಿ, ಅದರಲ್ಲೂ ಶನಿವಾರ ರಾತ್ರಿ.

ಹೋದ ವರ್ಷ ರತನವಾಡಿ ದಾರಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ರಸ್ತೆಯಿಂದ ಸ್ವಲ್ಪ ಕೆಳಗೆ ಒಂದು ಹಿರಡಾ ಮರ, ನಮ್ಮ ಅಳಲೆಕಾಯಿ ಮರ. ಎಂಟು ಗಂಟೆಯ ಸುಮಾರಿಗೆ ಕೆಳಗಿನ ಟೊಂಗೆಗಳಲ್ಲಿ ಅಲ್ಲೊಂದು ಇಲ್ಲೊಂದು ಶುರುವಾದದ್ದು, ನೋಡನೋಡುತ್ತ ಇಡೀ ಮರಕ್ಕೆ ಹಬ್ಬಿತು. ಆಮೇಲೆ ಲಯ ಕೂಡಿತು. ಮರ ಒಮ್ಮೆಗೇ ಹೊತ್ತುವುದು, ಒಮ್ಮೆಗೇ ಆರುವುದು. ಆರಿದ ಆ ಅರೆಗಳಿಗೆಯಲ್ಲಿ ಮರ ಎಲ್ಲಿತ್ತು ಎಂದೇ ತಿಳಿಯುತ್ತಿರಲಿಲ್ಲ. ಹಸಿರು ಬೆರೆತ ಹಳದಿ ಬೆಳಕು. ನಾವು ನಾಲ್ಕೈದು ಜನ ಉಸಿರು ಬಿಗಿಹಿಡಿದು ನಿಂತಿದ್ದೆವು. ಅಷ್ಟರಲ್ಲಿ ತಿರುವಿನಲ್ಲಿ ಒಂದು ಕಾರು ಬಂದು ನಿಂತಿತು. ಹೆಡ್‌ಲೈಟ್ ನೇರ ಮರದ ಮೇಲೆ. ಆರಿಸಲಿಲ್ಲ. ಒಳಗಿನವರು ಇಳಿದು ಫೋನಿನ ಟಾರ್ಚ್ ಹಿಡಿದು ಮರದ ಬುಡದವರೆಗೂ ಹೋದರು. ಮರ ಸತ್ತುಹೋಯಿತು. ಬರೀ ಹಸಿರು ಎಲೆ, ಬೂದು ಕಾಂಡ. ‘ಇಲ್ಲಿ ಏನೂ ಇಲ್ಲ, ಸುಮ್ಮನೆ ಬಂದೆವು’ ಎಂದು ಹಿಂದಿಯಲ್ಲಿ ಮಾತಾಡಿಕೊಂಡು ಹೊರಟುಹೋದರು. ಕತ್ತಲಾದ ಮೇಲೂ ಬಹಳ ಹೊತ್ತು ಒಂದು ಹುಳವೂ ಮಿನುಗಲಿಲ್ಲ. ಆಮೇಲೆ ತೀರ ಕೆಳಗಿನ ಟೊಂಗೆಯಲ್ಲಿ ಒಂದು, ಹುಲ್ಲಿನಲ್ಲಿ ಒಂದು. ಮೊದಲಿನ ಆ ಒಂದೇ ಲಯ ಆ ರಾತ್ರಿ ಮತ್ತೆ ಕೂಡಲಿಲ್ಲ.

ಆ ಕಾರಿನವರು ಕೆಟ್ಟವರೇನಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ದುಡ್ಡು ತೆಗೆದುಕೊಂಡು ಕರೆತರುವವರು ಮೊದಲು ಹೇಳಬೇಕಾದ ಮಾತೇ ಇದು. ಅದನ್ನು ಬಿಟ್ಟು ಮರದ ಪಕ್ಕದಲ್ಲೇ ಸ್ಪೀಕರ್ ಹಚ್ಚಿ, ದೀಪದ ಸರ ಕಟ್ಟಿ, ‘ಫೈರ್‌ಫ್ಲೈ ಕ್ಯಾಂಪ್’ ಎಂದು ಬೋರ್ಡು ಹಾಕುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಯಾವತ್ತು ಬರಬೇಕು? ಅತ್ತಿಗೆಗೆ ಹೇಳಿ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನೋಡಿಸು. ಮೇ ಕೊನೆ, ಜೂನ್ ಮೊದಲ ಹತ್ತು ದಿನ, ಅದರೊಳಗೆ ಅಮಾವಾಸ್ಯೆಗೆ ಹತ್ತಿರದ ಮಂಗಳವಾರವೋ ಬುಧವಾರವೋ ಹಿಡಿ. ಬೆಳದಿಂಗಳಿದ್ದರೆ ಮಿನುಗು ಮಂಕಾಗುತ್ತದೆ. ಒಂದೆರಡು ಅಡ್ಡಮಳೆ ಆಗಿ ನೆಲ ಒದ್ದೆಯಾಗಿದ್ದರೆ ಇನ್ನೂ ಒಳ್ಳೆಯದು. ರಜೆ ಹಾಕುವುದು ಕಷ್ಟ ಅಂತ ಗೊತ್ತು, ಆದರೂ ಒಂದು ದಿನ ಹಾಕು. ನಾಲ್ಕು ಮನೆಯವರು ಒಟ್ಟಿಗೆ ಬೇಡ, ಎರಡು ಮನೆ ಒಮ್ಮೆ, ಎರಡು ಮನೆ ಇನ್ನೊಮ್ಮೆ ಬರಲಿ. ಹದಿನೈದು ಜನರ ಗುಂಪು ಎಷ್ಟೇ ಸುಮ್ಮನಿದ್ದರೂ ಸುಮ್ಮನಿರುವುದಿಲ್ಲ.

ಜಾಗ ಯಾವುದು ಎಂದು ಕೇಳಿದ್ದೀಯ. ಇದೆಲ್ಲ ಕಳಸೂಬಾಯಿ–ಹರಿಶ್ಚಂದ್ರಗಡ ಅಭಯಾರಣ್ಯದ ಸೀಮೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1,646 ಮೀಟರ್, ನೀನು ಘೋಟಿಯಿಂದ ಬರುವ ದಾರಿಯಲ್ಲೇ ಬಾರಿ ಊರಿನ ಹತ್ತಿರ ಕಾಣುತ್ತದೆ. ಜಲಾಶಯದ ಸುತ್ತ ಶೆಂಡಿ, ಮುರ್ಶೇತ, ಪಾಂಜರೆ, ಉಡದಾವಣೆ, ರತನವಾಡಿ, ಸಾಮ್ರದ, ಘಾಟಘರ ಎಂದು ಊರುಗಳಿವೆ. ಶೆಂಡಿ ಅಣೆಕಟ್ಟಿನ ಬಾಯಲ್ಲೇ ಇದೆ, ಹೋಟೆಲು, ಗದ್ದಲ ಎಲ್ಲ ಅಲ್ಲೇ. ನೀನು ಒಳಗೆ ಬಾ, ರತನವಾಡಿ ಕಡೆಗೆ. ಊರಿನ ಮನೆಯವರೇ ತಮ್ಮ ಹೊಲದಲ್ಲಿ ಟೆಂಟ್ ಹಾಕಿಕೊಟ್ಟು ಊಟ ಹಾಕುತ್ತಾರೆ. ಸೀಸನ್ನಿನಲ್ಲಿ ಅರಣ್ಯ ಇಲಾಖೆಯವರು ಪ್ರವೇಶದ ಹೊತ್ತು, ಶುಲ್ಕ ಗೊತ್ತುಮಾಡುತ್ತಾರೆ. ಆ ವರ್ಷದ ನಿಯಮ ಏನು ಎಂದು ಊರಿನವರನ್ನೇ ಮೊದಲು ಕೇಳಿ, ಅದಕ್ಕೆ ತಕ್ಕ ಹಾಗೆ ಹೊರಡೋಣ.

ಮೇನಲ್ಲಿ ಕೆರೆ ಚಿತ್ರದಲ್ಲಿ ಕಂಡ ಹಾಗೆ ತುಂಬಿರುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡು. ಪ್ರವರಾ ನದಿಗೆ ಕಟ್ಟಿದ ವಿಲ್ಸನ್ ಅಣೆಕಟ್ಟು ಇದು, ಕಲ್ಲಿನ ಕಟ್ಟಡ, 82 ಮೀಟರ್ ಎತ್ತರ, ಮುಗಿದದ್ದು 1926ರಲ್ಲಿ. ಹಿಡಿಯುವುದು 11 ಟಿಎಂಸಿ ನೀರು. ಆ ನೀರು ಕಾಲುವೆ ಹಿಡಿದು ಕೆಳಗಿನ ಸಂಗಮನೇರ, ಶ್ರೀರಾಮಪುರ ಕಡೆಯ ಕಬ್ಬಿಗೆ ಹೋಗುತ್ತದೆ. ಪ್ರವರಾನಗರದ ಸಹಕಾರಿ ಸಕ್ಕರೆ ಕಾರ್ಖಾನೆಯ ಹೆಸರು ನೀನು ಕೇಳಿರಬೇಕು, ಆ ಸೀಮೆಯ ಐಶ್ವರ್ಯಕ್ಕೆಲ್ಲ ಮೂಲ ಈ ಗುಡ್ಡದ ಮಳೆ. ಮಳೆ ಬೀಳುವ ಈ ಮೇಲಿನ ವಾಡಿಗಳಲ್ಲಿ ಮಾತ್ರ ಬೇಸಿಗೆಯ ಕೊನೆಗೆ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ನಡೆಯುತ್ತಿರುತ್ತಾರೆ. ಕುಡಿಯುವ ನೀರಿನ ಕ್ಯಾನ್ ಘೋಟಿಯಲ್ಲೇ ತುಂಬಿಸಿಕೊಂಡು ಬಾ. ಸ್ನಾನಕ್ಕೆ ಬಿಸಿನೀರು ಎಂದು ಯಾರ ಮನೆಯಲ್ಲೂ ಕೇಳುವುದು ಬೇಡ.

ನೀರು ಇಳಿದ ಮೇಲೆ ಕೆರೆಯ ಅಂಗಳ ಅಗಲವಾಗಿ, ಸಪಾಟಾಗಿ, ಟೆಂಟ್ ಹಾಕಲೆಂದೇ ಮಾಡಿಟ್ಟ ಹಾಗೆ ಕಾಣುತ್ತದೆ. ಅಲ್ಲಿ ಹಾಕಬೇಡ. ಸಂಜೆಯ ಒಂದು ಗುಡುಗುಮಳೆ ಬಂದರೆ ಸಾಕು, ಮಣ್ಣು ಕಾಲು ಬಿಡುವುದಿಲ್ಲ, ಗಾಳಿಗೆ ತಡೆಯೂ ಇಲ್ಲ. ಒಂಟಿ ಮರದ ಕೆಳಗೂ ಬೇಡ, ಆ ತಿಂಗಳ ಸಿಡಿಲು ಕೆಟ್ಟದ್ದು. ಊರಿನ ಪಕ್ಕದ ಏರು ಹೊಲ ವಾಸಿ. ಕೆರೆಗೆ ಈಜಲು ಇಳಿಯುವ ಮಾತೇ ಇಲ್ಲ. ಹೂಳು ಎಲ್ಲಿದೆ, ಆಳ ಎಲ್ಲಿದೆ ದಡದಿಂದ ತಿಳಿಯುವುದಿಲ್ಲ. ನಿನ್ನ ಮಗನಿಗೆ ಈಜು ಬರುತ್ತದೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ತರಬೇಕಾದ್ದು ಬಹಳ ಇಲ್ಲ. ಟಾರ್ಚ್ ತಾ, ಅದರ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕು. ಕೆಂಪು ಬೆಳಕು ಹುಳಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಅದನ್ನೂ ಹಿಡಿಯುವುದು ಪಾದದ ಮುಂದಿನ ನೆಲಕ್ಕೆ ಮಾತ್ರ. ಹಾವು, ಚೇಳು ಇರುವ ಜಾಗ, ಕಾಲಿಗೆ ಬೂಟು ಇರಲೇಬೇಕು. ಬೆಳಿಗ್ಗೆ ಬೂಟು ಒದರಿ ಹಾಕಿಕೊಳ್ಳುವುದನ್ನು ಮಕ್ಕಳಿಗೆ ಕಲಿಸು. ಸೊಳ್ಳೆಗೆ ತುಂಬುತೋಳಿನ ಅಂಗಿ ಸಾಕು, ಸ್ಪ್ರೇ ಹೊಡೆದುಕೊಂಡು ಹುಲ್ಲಿನೊಳಗೆ ಓಡಾಡುವುದು ಬೇಡ. ಹುಳ ನೋಡುವಾಗ ರಸ್ತೆಯ ಅಂಚು ಬಿಟ್ಟು ಮರದ ಬುಡಕ್ಕೆ ಹೋಗಬಾರದು, ಹೆಣ್ಣು ಹುಳಗಳು, ಮುಂದಿನ ವರ್ಷದ ಮರಿಗಳು ಕಾಲಡಿಯಲ್ಲೇ ಇರುತ್ತವೆ. ಬೆಂಕಿ ಹಾಕುವುದಿಲ್ಲ. ಚಳಿಯೂ ಇರುವುದಿಲ್ಲ, ಕೆರೆ ಕಡೆಯಿಂದ ಬರುವ ಗಾಳಿಗೆ ಒಂದು ತೆಳು ಹೊದಿಕೆ ಸಾಕು.

ಫೋಟೋದ ಆಸೆ ಬಿಡು. ಕಾಡೆಲ್ಲ ಚಿನ್ನದ ಚುಕ್ಕಿಯಾದ ಚಿತ್ರಗಳನ್ನು ನೀನು ನೋಡಿರುತ್ತೀ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಬಹಳ ಹೊತ್ತಿನ ಬೆಳಕು ಹಿಡಿದು, ಅಂಥ ಹತ್ತಾರು ಚಿತ್ರ ಒಂದರ ಮೇಲೊಂದು ಕೂಡಿಸಿದ್ದು ಅದು. ಕಣ್ಣಿಗೆ ಕಾಣುವುದು ಬೇರೆ. ಬೆಳಕು ಬಂತು, ಹೋಯಿತು, ಎಡಕ್ಕೆ ಸರಿಯಿತು ಎನ್ನುವ ಆ ಚಲನೆ ಯಾವ ಫೋಟೋದಲ್ಲೂ ಬರುವುದಿಲ್ಲ. ಫೋನು ಟೆಂಟಿನಲ್ಲಿಟ್ಟು ಕಾಲು ಗಂಟೆ ಕತ್ತಲಲ್ಲಿ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ, ಆಗ ಹುಲ್ಲಿನೊಳಗಿನ ಹೆಣ್ಣು ಹುಳದ ಮಿನುಗೂ ಕಾಣತೊಡಗುತ್ತದೆ.

ಅವ್ವನನ್ನೂ ಕರೆದುಕೊಂಡು ಬಾ. ಟೆಂಟಿನಲ್ಲಿ ಆಗುವುದಿಲ್ಲ, ಊರಿನವರ ಮನೆಯಲ್ಲೇ ಮಲಗುವ ವ್ಯವಸ್ಥೆ ಮಾಡಿಸುತ್ತೇನೆ. ನಾನು ಇಳಿದುಕೊಳ್ಳುವ ಮನೆಯೊಡತಿ ಮಾವಶಿ ನಾಚಣಿ ಭಾಕರಿ ಮಾಡುವುದನ್ನು ಅವ್ವ ನೋಡಬೇಕು. ರಾಗಿ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ಅಂಗೈಯಲ್ಲಿ ತಟ್ಟುತ್ತ ತಿರುಗಿಸುತ್ತ, ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ಕೈಯೇ ಅದು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಗಳಿಗೆ ನೋಡಿಯೇ ಮಗುಚುತ್ತಾರೆ, ಆಮೇಲೆ ಕೆಂಡಕ್ಕೆ. ಜೊತೆಗೆ ಕಡಲೆಹಿಟ್ಟಿನ ಪಿಠಲ, ಹಸಿಮೆಣಸಿನಕಾಯಿಯ ಠೇಚಾ. ಅವ್ವನಿಗೆ ಮರಾಠಿ ಅಷ್ಟಕ್ಕಷ್ಟೇ, ಆದರೂ ಇಬ್ಬರಿಗೂ ಒಲೆಯ ಮುಂದೆ ಮಾತಿಗೆ ಬರ ಬರುವುದಿಲ್ಲ. ಅಂಗಳದಲ್ಲಿ ಚಾಪೆಯ ಮೇಲೆ ಕರ್ರಗೆ ಮುರುಟಿದ ಸಣ್ಣ ಕಾಯಿಗಳು ಒಣಗುತ್ತಿರುತ್ತವೆ. ಎಳೆಯ ಹಿರಡಾ ಅದು, ಔಷಧಿಯವರಿಗೆ ಮಾರುತ್ತಾರೆ. ಇಲ್ಲಿನ ಮಹಾದೇವ ಕೋಳಿ ಬುಡಕಟ್ಟಿನ ಮನೆಗಳಿಗೆ ಬೇಸಿಗೆಯಲ್ಲಿ ಕೈಗೆ ಕಾಸು ಬರುವುದು ಅದರಿಂದಲೇ. ಹುಳ ಕೂರುವ ಮರವೂ ಅದೇ, ಅನ್ನ ಕೊಡುವ ಮರವೂ ಅದೇ. ಬೀಜಮಾತೆ ಎಂದು ಹೆಸರಾಗಿ ಪದ್ಮಶ್ರೀ ಪಡೆದ ರಾಹಿಬಾಯಿ ಪೋಪೆರೆ ಈ ಅಕೋಲೆ ತಾಲೂಕಿನವರೇ. ಮಾವಶಿಯ ಮನೆಯಲ್ಲೂ ನಾಟಿ ಬತ್ತ, ಅವರೆ, ವರಿ ಎಂಬ ಸಿರಿಧಾನ್ಯದ ಬೀಜ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಾಡಿಟ್ಟಿದ್ದಾರೆ, ಕೇಳಿದರೆ ತೆಗೆದು ತೋರಿಸುತ್ತಾರೆ.

ಮರುದಿನ ಬೆಳಿಗ್ಗೆ ರತನವಾಡಿಯ ಅಮೃತೇಶ್ವರ ಗುಡಿಗೆ ಹೋಗೋಣ. ಶಿಲಾಹಾರರ ಕಾಲದ್ದು ಎನ್ನುತ್ತಾರೆ. ಉತ್ತರ ಕೊಂಕಣದ ಆ ಶಿಲಾಹಾರರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು ಎಂದು ನಿನ್ನ ಮಗಳಿಗೆ ಹೇಳು, ಅವಳಿಗೆ ಇತಿಹಾಸ ಇಷ್ಟ ಅಲ್ಲವೇ. ಗೋಡೆಯ ಕೆತ್ತನೆ ನೋಡುವುದಕ್ಕೇ ಒಂದು ತಾಸು ಬೇಕು. ಪಕ್ಕದಲ್ಲೇ ಗೂಡುಗೂಡಾಗಿ ಕಟ್ಟಿದ ಪುಷ್ಕರಣಿ ಇದೆ. ಪ್ರವರೆ ಹುಟ್ಟುವ ರತನಗಡ ಅಲ್ಲಿಂದ ಎದುರಿಗೇ ಕಾಣುತ್ತದೆ, ತುದಿಯಲ್ಲಿ ಸೂಜಿಯ ಕಣ್ಣಿನಂಥ ತೂತು. ಏರುವುದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳೋಣ, ಮೇ ಬಿಸಿಲಿಗೆ ಮಕ್ಕಳನ್ನು ಹತ್ತಿಸುವುದು ಸರಿಯಲ್ಲ.

ದಾರಿ: ನೀವು ಕಾರಿನಲ್ಲಿ ಬಂದರೆ ಕಸಾರಾ ಘಾಟ್ ಹತ್ತಿ ಇಗತಪುರಿ, ಘೋಟಿ, ಅಲ್ಲಿಂದ ಬಲಕ್ಕೆ ಹೊರಳಿ ಬಾರಿ ಮೇಲಿಂದ ಶೆಂಡಿ. ಕಾರು ಬೇಡವೆಂದರೆ ಕಸಾರಾ ಲೋಕಲ್ ಹಿಡಿದು ಬನ್ನಿ, ಮುಂದಕ್ಕೆ ಜೀಪುಗಳಿವೆ. ನಾನು ನಾರಾಯಣಗಾವ್, ಸಂಗಮನೇರ, ಅಕೋಲೆ, ರಾಜೂರ ದಾರಿಯಿಂದ ಬರುತ್ತೇನೆ. ಹೇಗೆ ಬಂದರೂ ನಾಲ್ಕು ಗಂಟೆಯೊಳಗೆ ಊರು ಸೇರಿಕೋ. ಕಾರನ್ನು ಊರಲ್ಲೇ ನಿಲ್ಲಿಸಿ ಕತ್ತಲಾಗುವ ಮುನ್ನ ನಡೆದುಕೊಂಡೇ ಹೋಗಿ ಕೂರೋಣ, ಹೆಡ್‌ಲೈಟಿನ ಪ್ರಶ್ನೆಯೇ ಬಾರದ ಹಾಗೆ.

ಪ್ಯಾಕೇಜಿನವರಿಗೆ ಮುಂಗಡ ಕೊಟ್ಟಿದ್ದರೆ ಈ ವಾರವೇ ವಾಪಸು ಕೇಳು. ಉಳಿದ ಮೂರು ಮನೆಯವರಿಗೆ ಈ ಪತ್ರ ಓದಿಸು, ಒಪ್ಪದಿದ್ದರೆ ನನಗೆ ಫೋನ್ ಹಚ್ಚಿ ಕೊಡು, ನಾನೇ ಮಾತಾಡುತ್ತೇನೆ. ಎರಡು ತಾರೀಕು ಆರಿಸಿ ತಿಳಿಸು, ಮಾವಶಿಗೆ ನಾನು ಹೇಳಿಡುತ್ತೇನೆ. ಅವ್ವನಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ನಿನ್ನ ಗೆಳೆಯ