ಭಾನುವಾರದ ಚಾಮುಂಡಿ ಬೆಟ್ಟ ಮತ್ತು ನಮ್ಮ ಮೊಣಕಾಲು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಬೆಟ್ಟದ ಪಾದದ ಹತ್ತಿರ ಸೇರೋಣ. ಹತ್ತುವಾಗ ಏದುಸಿರು ಬರುತ್ತದೆ, ಸರಿ. ಮೊಣಕಾಲು ನೋಯುವುದು ಇಳಿಯುವಾಗಲೇ ಜಾಸ್ತಿ, ಅಲ್ವಾ?

ಈಗಲೇ ಕುಳಿತು ಒಂದು ಕಾಲು ಚಾಚಿ, ಸಡಿಲ ಬಿಡಿ. ಮೊಣಕಾಲ ಚಿಪ್ಪನ್ನು ಬೆರಳಿನಿಂದ ಅಲ್ಲಾಡಿಸಿ, ಸಲೀಸಾಗಿ ಜರುಗುತ್ತದೆ. ಈಗ ತೊಡೆ ಬಿಗಿ ಮಾಡಿ. ಚಿಪ್ಪು ಮೇಲೆ ಸರಿದು ಗಟ್ಟಿಯಾಗಿ ಕೂರುತ್ತದೆ. ಅದನ್ನು ಎಳೆದದ್ದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್, ನಾಲ್ಕು ಸ್ನಾಯುಗಳ ಗುಂಪು. ಮೆಟ್ಟಿಲು ಇಳಿಯುವಾಗ ಇದೇ ಬ್ರೇಕು. ಉದ್ದವಾಗುತ್ತಲೇ ಮೈಭಾರ ಹಿಡಿಯಬೇಕು, ಅದಕ್ಕೇ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು. ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಕಾಲು ಮಡಿಸುತ್ತದೆ.

ಮೊಣಕಾಲಿನಲ್ಲಿ ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟುಗಳು ಮುಖ್ಯವಾಗಿ ನಾಲ್ಕು. ಎರಡು ಪಕ್ಕದಲ್ಲಿ, ಎರಡು ಒಳಗೆ ಕತ್ತರಿಯ ಹಾಗೆ. ಒಳಗಿನ ಎರಡರಲ್ಲಿ ಮುಂದಿನದು ಎಸಿಎಲ್, ಅದು ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆ ತಡೆಯುತ್ತದೆ. ಪಾದ ಊರಿಕೊಂಡೇ ಮೈ ಗಕ್ಕನೆ ತಿರುಗಿಸಿದರೆ ಹರಿಯುವ ಅಪಾಯ ಇದಕ್ಕೇ (ಸೆಲ್ಫಿ ಪ್ರಿಯರೇ, ಕೇಳಿಸಿತೇ?). ‘ಟಪ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಸುಮ್ನೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಇಳಿಯುವಾಗ ಓಟ ಬೇಡ. ಸವೆದ ಚಪ್ಪಲಿಯಲ್ಲಿ ಬರುವವರು ಯಾರೆಂದು ಗೊತ್ತಲ್ಲ, ಅವರಿಗೆ ಒಂದು ಫೋನ್ ಮಾಡಿ ಹೇಳಿ.